ನೂರಕ್ಕೆ ಮೂವತ್ತನಾಲ್ಕು ಗೆದ್ದರೂ ಕರಗಿದ ದುಡ್ಡು: ಒಬ್ಬ ರೇಸ್ ಟಿಪ್ಸ್ಟರ್‌ನ ಪ್ರಕರಣ

ಇದು ವಾರಾಂತ್ಯದ ಕುದುರೆ ರೇಸಿಗೆ ಮುನ್ನೋಟ ಬರೆಯುವ ಒಬ್ಬರ ಕತೆ. ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಹೆಸರು, ಊರು, ರೇಸ್‌ಕೋರ್ಸ್ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ಸಿಕ್ಕವರಿಗೆಲ್ಲ ಪಾಠ ಮಾಡುವ ಚಟ ಇರುವುದರಿಂದ ಗೆಳೆಯರ ಬಳಗದಲ್ಲಿ ಅವರು ಮೇಷ್ಟ್ರು. ಇಲ್ಲೂ ಹಾಗೇ ಕರೆಯುತ್ತೇನೆ. ನನ್ನ ಪಾತ್ರ ಇಷ್ಟೇ: ಅವರ ಹಳೆಯ ನೋಟ್‌ಬುಕ್‌ಗಳನ್ನು ಕೂತು ಲೆಕ್ಕ ಹಾಕಿದೆ.

ಹಿನ್ನೆಲೆ

ಮೇಷ್ಟ್ರು ಆರು ವರ್ಷದಿಂದ ಬರೆಯುತ್ತಿದ್ದರು. ರೇಸ್ ಕಾರ್ಡ್ ಬಂದ ರಾತ್ರಿ ಕೂತರೆ ಬೆಳಗಿನ ಜಾವದವರೆಗೂ ಕೆಲಸ. ಪ್ರತಿ ರೇಸಿಗೂ ಮೂರು ಕುದುರೆ, ಎರಡು ಮೂರು ಸಾಲು ವಿವರಣೆ, ಕೊನೆಗೆ ಒಂದು ‘ದಿನದ ಬೆಸ್ಟ್’. ಫಾರಂ (ಹಿಂದಿನ ಓಟಗಳ ಫಲಿತಾಂಶ), ಕುದುರೆ ಹೊರುವ ತೂಕ, ಡ್ರಾ (ಯಾವ ಗೇಟಿನಿಂದ ಹೊರಡುತ್ತದೆ ಅನ್ನುವುದು), ಜಾಕಿ, ಟ್ರ್ಯಾಕ್ ವರ್ಕ್ (ಅಭ್ಯಾಸದ ಓಟ) ಟೈಮಿಂಗ್ ಎಲ್ಲ ನೋಡುತ್ತಿದ್ದರು. ರೇಸಿನ ಬಗ್ಗೆ ಅವರಿಗೆ ಗೊತ್ತಿರುವಷ್ಟು ನನಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಓದುಗರೂ ನಿಧಾನಕ್ಕೆ ಜಾಸ್ತಿಯಾದರು. ‘ಮೇಷ್ಟ್ರು ಕೊಟ್ಟ ಕುದುರೆ’ ಅಂತ ಜನ ಹೇಳಿಕೊಂಡು ಓಡಾಡುವಷ್ಟು ಹೆಸರಾಯಿತು.

ಒಂದು ಸೋಮವಾರ ಹಳೆಯ ಓದುಗರೊಬ್ಬರಿಂದ ಮೆಸೇಜ್ ಬಂತು. “ಮೇಷ್ಟ್ರೇ, ನೀವು ಹೇಳಿದ ಕುದುರೆಗಳೇ ಗೆಲ್ತಾ ಇವೆ. ನನ್ನ ದುಡ್ಡು ಮಾತ್ರ ಕರಗ್ತಾ ಇದೆ. ಹೇಗೆ ಅಂತ ಸ್ವಲ್ಪ ಹೇಳ್ತೀರಾ?” ಅದರ ಜೊತೆಗೆ ಅವರು ತಾವು ಕಟ್ಟಿದ ಬಾಜಿಗಳ ಪೂರ್ತಿ ಪಟ್ಟಿ ಕಳಿಸಿದ್ದರು. ಬೈಗುಳ ಬಂದಿದ್ದರೆ ಮೇಷ್ಟ್ರು ಮರೆತುಬಿಡುತ್ತಿದ್ದರೇನೋ. ಪಟ್ಟಿ ಬಂದಿದ್ದರಿಂದ ತಲೆಕೆಡಿಸಿಕೊಂಡರು. ನನ್ನನ್ನು ಕರೆದರು.

ನೋಟ್‌ಬುಕ್‌ನಲ್ಲಿ ಇದ್ದದ್ದು, ಇಲ್ಲದ್ದು

ಅವರ ನೋಟ್‌ಬುಕ್ ನೋಡಿದ ತಕ್ಷಣ ಒಂದು ವಿಷಯ ಕಣ್ಣಿಗೆ ಬಿತ್ತು. ಗೆದ್ದ ಕುದುರೆಗಳ ಸುತ್ತ ಕೆಂಪು ಶಾಯಿಯ ವೃತ್ತ. ಸೋತವಕ್ಕೆ ಏನೂ ಇಲ್ಲ. ಎಷ್ಟು ರೇಟಿಗೆ ಗೆದ್ದಿತು ಅನ್ನುವುದು ಗೆದ್ದವಕ್ಕೂ ಬರೆದಿರಲಿಲ್ಲ. ಪುಟ ತಿರುಗಿಸಿದರೆ ಕೆಂಪು ಕೆಂಪಾಗಿ ಕಾಣುತ್ತಿತ್ತು, ನೋಡುವುದಕ್ಕೆ ಖುಷಿಯಾಗುತ್ತಿತ್ತು. ಆರು ವರ್ಷ ಅವರು ನೋಡಿದ್ದು ಅದನ್ನೇ.

ಹಳೆಯ ಫಲಿತಾಂಶಗಳನ್ನೆಲ್ಲ ಹುಡುಕಿ ಕೊನೆಯ 400 ರೇಸುಗಳ ಲೆಕ್ಕ ಕಟ್ಟಿದೆವು. ಮೇಷ್ಟ್ರ ಮೊದಲ ಆಯ್ಕೆಗೆ ಪ್ರತಿ ಸಲ ಒಂದು ಯೂನಿಟ್, ಅಂದರೆ ಅಷ್ಟೇ ಮೊತ್ತದ ಬಾಜಿ, ಕಟ್ಟಿದ್ದರೆ ಏನಾಗುತ್ತಿತ್ತು? (ಇಲ್ಲಿ ರೇಟು ಅಂದರೆ ಒಂದು ಕಟ್ಟಿದರೆ ಕಟ್ಟಿದ್ದೂ ಸೇರಿ ಒಟ್ಟು ಎಷ್ಟು ವಾಪಸ್ ಬರುತ್ತದೆ ಅನ್ನುವುದು.) 136 ಗೆಲುವು. ಅಂದರೆ ನೂರಕ್ಕೆ 34. ಯಾವ ಟಿಪ್ಸ್ಟರ್ ಆದರೂ ಎದೆ ಉಬ್ಬಿಸಿ ಹೇಳಿಕೊಳ್ಳುವ ಸಂಖ್ಯೆ. ವಾಪಸ್ ಬಂದದ್ದು 354 ಯೂನಿಟ್. ಕಟ್ಟಿದ್ದು 400. ಕೈಬಿಟ್ಟಿದ್ದು 46.

“ಮೂರರಲ್ಲಿ ಒಂದು ಗೆದ್ದು ಲಾಸ್ ಹೇಗಯ್ಯಾ ಆಗುತ್ತೆ?” ಅಂದರು. ಗೆದ್ದ ಕುದುರೆಗಳ ಸರಾಸರಿ ರೇಟು 2.6. ನೂರಕ್ಕೆ 34 ಗೆಲ್ಲುವವನಿಗೆ ಅಸಲು ಉಳಿಯಬೇಕಾದರೂ 2.94 ಬೇಕು. ಅಷ್ಟೇ ಲೆಕ್ಕ. ಅದನ್ನು ಯಾರೂ ಹಾಕಿರಲಿಲ್ಲ.

ಅದಕ್ಕಿಂತ ಕಹಿಯಾದದ್ದು ಆಮೇಲೆ ಬಂತು. ಆ 400ರಲ್ಲಿ 290 ಸಲ ಮೇಷ್ಟ್ರು ಕೊಟ್ಟಿದ್ದು ಫೇವರಿಟ್ ಕುದುರೆಯನ್ನೇ. ಫೇವರಿಟ್ ಅಂದರೆ ಜನ ಜಾಸ್ತಿ ದುಡ್ಡು ಹಾಕಿದ ಕುದುರೆ. ಫೇವರಿಟ್‌ಗಳು ಸುಮಾರು ಮೂರರಲ್ಲೊಂದು ರೇಸ್ ಗೆಲ್ಲುವುದು ರೇಸ್ ನೋಡುವವರಿಗೆಲ್ಲ ಗೊತ್ತಿರುವ ಮಾತು. ಅಂದರೆ ಬೆಳಗಿನ ಜಾವದವರೆಗೆ ಕೂತು ಮೇಷ್ಟ್ರು ಕಂಡುಹಿಡಿದದ್ದನ್ನು ರೇಟು ತೋರಿಸುವ ಬೋರ್ಡ್ ನೋಡಿದ ಯಾರಾದರೂ ಒಂದು ನಿಮಿಷದಲ್ಲಿ ಹೇಳಬಹುದಿತ್ತು. ಆ 290ರಲ್ಲಿ 113 ಗೆಲುವು, ವಾಪಸ್ 249. ನಷ್ಟ ನೂರಕ್ಕೆ 14.

ಉಳಿದ 110 ರೇಸುಗಳಲ್ಲಿ ಅವರು ಜನರ ಜೊತೆ ಒಪ್ಪದೆ ಬೇರೆ ಕುದುರೆ ಕೊಟ್ಟಿದ್ದರು. ಅಲ್ಲಿ ಗೆಲುವು ಬರೀ 23. ಓದುಗರು ಬೈದಿದ್ದೆಲ್ಲ ಈ ರೇಸುಗಳಿಗೇ. ಆದರೆ ವಾಪಸ್ ಬಂದದ್ದು 105. ನಷ್ಟ ಐದೇ ಯೂನಿಟ್. ಹೆಸರು ತಂದದ್ದು ದುಡ್ಡು ತಿಂದಿತ್ತು, ಬೈಗುಳ ತಂದದ್ದು ಹೆಚ್ಚುಕಡಿಮೆ ಸಮಕ್ಕೆ ನಿಂತಿತ್ತು. (ಇದನ್ನೂ ಪೂರ್ತಿ ನಂಬುವ ಹಾಗಿಲ್ಲ. ಆ 23ರಲ್ಲಿ ಒಂದು 14ರ ರೇಟಿಗೆ ಗೆದ್ದಿತ್ತು. ಅದೊಂದನ್ನು ತೆಗೆದರೆ ಐದರ ನಷ್ಟ 18 ಆಗುತ್ತದೆ.)

ಕೊನೆಯ ರೇಸಿನ ಸಾಲು

ಓದುಗರ ಪಟ್ಟಿಯನ್ನು ನಾವು ಎರಡನೇ ದಿನ ತೆಗೆದೆವು. ಮೇಷ್ಟ್ರ ಟಿಪ್ಸ್ ಹಾಗೇ ಪಾಲಿಸಿದ್ದರೂ ಅವರ ನಷ್ಟ ನೂರಕ್ಕೆ 11 ಇರಲಿಲ್ಲ, ಅದರ ಎರಡರಷ್ಟಿತ್ತು. ಕಾರಣ ಕೊನೆಯ ಕಾಲಂನಲ್ಲಿತ್ತು. ದಿನದ ಕೊನೆಯ ರೇಸಿಗೆ ಅವರು ಕಟ್ಟುತ್ತಿದ್ದದ್ದು ಬೇರೆ ರೇಸುಗಳ ಎರಡೂವರೆ ಪಟ್ಟು, ಕಳೆದದ್ದೂ ಅಲ್ಲೇ ಜಾಸ್ತಿ. ಸೋತದ್ದನ್ನು ಅದೇ ದಿನ ವಾಪಸ್ ತೆಗೆಯುವ ಆತುರ. ರೇಸ್‌ಕೋರ್ಸಿಗೆ ಹೋದವರಿಗೆ ಇದು ಹೊಸದಲ್ಲ.

ಮೇಷ್ಟ್ರು “ಇದು ಅವರ ತಪ್ಪು, ನಾನೇನು ಮಾಡ್ಲಿ” ಅಂದರು. ಆಮೇಲೆ ಸುಮ್ನೆ ತಮ್ಮ ಹಳೆಯ ಬರಹಗಳನ್ನು ತಿರುವಿದರು. ಒಂದು ಕಡೆ ನಿಂತರು. ಕೊನೆಯ ರೇಸಿನ ವಿವರಣೆಯ ಕೆಳಗೆ ಅವರೇ ಬರೆದಿದ್ದರು: ‘ಇವತ್ತು ಕಳೆದುಕೊಂಡವರಿಗೆ ತುಂಬಿಕೊಳ್ಳಲು ಒಳ್ಳೆ ಅವಕಾಶ.’ ಇನ್ನೊಂದು ವಾರ ತೆಗೆದರು. ಅಲ್ಲೂ ಅದೇ ಅರ್ಥದ ಸಾಲು. ಮೂರನೇ ವಾರದ್ದನ್ನು ಅವರು ಓದಲಿಲ್ಲ, ನಾನು ಓದಿದೆ. ಈ ಪ್ರಕರಣದ ನಿಜವಾದ ತಿರುವು ಇದು ಅನ್ನಿಸುತ್ತದೆ ನನಗೆ. 354, 400 ಅನ್ನುವ ಸಂಖ್ಯೆ ನೋಡಿದಾಗ ಅವರಿಗೆ ಬೇಜಾರಾಗಿತ್ತು. ಈ ಸಾಲು ಓದಿದಾಗ ನಾಚಿಕೆಯಾಯಿತು.

ಮಾಡಿ ನೋಡಿದ ತಪ್ಪುಗಳು

ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವ ಉಪಾಯ: ಸೋತಾಗಲೆಲ್ಲ ಬಾಜಿ ದುಪ್ಪಟ್ಟು ಮಾಡುವುದು. ‘ಯಾವತ್ತಾದ್ರೂ ಗೆಲ್ಲಲೇಬೇಕಲ್ವಾ?’ ಕಾಗದದ ಮೇಲೆ ನೋಡೋಣ ಅಂದೆ. ಆ 400 ರೇಸುಗಳಲ್ಲಿ ಒಂದು ಕಡೆ ಸತತ 11 ಸೋಲು ಇತ್ತು. ನೂರಕ್ಕೆ 34 ಗೆಲ್ಲುವವರಿಗೆ 400 ರೇಸಿನಲ್ಲಿ ಇಂಥದ್ದು ಒಂದು ಬರುವ ಸಾಧ್ಯತೆಯೇ ಜಾಸ್ತಿ. ಒಂದರಿಂದ ಶುರುಮಾಡಿ ದುಪ್ಪಟ್ಟು ಮಾಡುತ್ತಾ ಹೋದರೆ 11 ಸೋಲಿಗೆ ಕಳೆದದ್ದು 2,047 ಯೂನಿಟ್. ಹನ್ನೆರಡನೆಯ ಬಾಜಿ 2,048. ಆ ಹನ್ನೆರಡನೆಯದು 1.8ರ ಫೇವರಿಟ್ ಆಗಿದ್ದು ಗೆದ್ದರೂ ಲಾಭ 1,638. ಗೆದ್ದ ಮೇಲೂ ನಾನೂರು ಚಿಲ್ಲರೆ ಯೂನಿಟ್ ನಷ್ಟದಲ್ಲೇ ಇರುತ್ತೀರಿ. ಆ ಮಾತು ಅಲ್ಲಿಗೇ ನಿಂತಿತು.

ಎರಡನೆಯದು ಎದುರು ದಿಕ್ಕಿನ ತಪ್ಪು. ಫೇವರಿಟ್ ಕೊಟ್ಟು ಸೋತದ್ದಾದರೆ ಇನ್ನು ಮೇಲೆ ಯಾರೂ ಎಣಿಸದ, ದೊಡ್ಡ ರೇಟಿನ ಅಪ್‌ಸೆಟ್ ಕುದುರೆಗಳನ್ನೇ ಕೊಡುತ್ತೇನೆ ಅಂತ ಹೊರಟರು. ಮೂರು ವಾರ ಕೊಟ್ಟೂ ಕೊಟ್ಟರು. ಒಂದೂ ಗೆಲ್ಲಲಿಲ್ಲ. ಉದಾಹರಣೆ ಮಾತ್ರ ಬಾಯಲ್ಲೇ ಇತ್ತು: 1967ರ ಗ್ರ್ಯಾಂಡ್ ನ್ಯಾಷನಲ್ (ಬೇಲಿ ಹಾರಿ ಓಡುವ ಇಂಗ್ಲೆಂಡಿನ ರೇಸ್), ಫೋಯ್ನಾವನ್ ಅನ್ನುವ ಕುದುರೆ. 23ನೇ ಬೇಲಿಯ ಹತ್ತಿರ ಮುಂದಿದ್ದ ಕುದುರೆಗಳೆಲ್ಲ ಒಂದರ ಮೇಲೊಂದು ಬಿದ್ದು, ಅಡ್ಡ ನಿಂತು ಗೊಂದಲವಾದಾಗ ಹಿಂದೆ ಬರುತ್ತಿದ್ದ ಇದು ಸಂದಿಯಲ್ಲಿ ನುಗ್ಗಿ ಗೆದ್ದಿತು. ರೇಟು ಒಂದಕ್ಕೆ ನೂರು (ಅಲ್ಲಿಯ ಲೆಕ್ಕದಲ್ಲಿ, ಕಟ್ಟಿದ್ದು ಬಿಟ್ಟು ಬರುವ ಲಾಭ). ಐವತ್ತು ವರ್ಷ ಕಳೆದರೂ ಜನ ಅದನ್ನೇ ಹೇಳುತ್ತಾರೆ ಅಂದರೆ ಅಂಥದ್ದು ಎಷ್ಟು ಅಪರೂಪ ಅಂತ ಅರ್ಥ ಅಲ್ವಾ?

ದೊಡ್ಡ ರೇಟಿನ ಕುದುರೆಗಳ ಮೇಲೆ ಜನ ಅವುಗಳ ಯೋಗ್ಯತೆಗಿಂತ ಜಾಸ್ತಿ ದುಡ್ಡು ಹಾಕುತ್ತಾರೆ ಅಂತ 1949ರಲ್ಲೇ ಅಮೆರಿಕದಲ್ಲಿ ಗ್ರಿಫಿತ್ ಎಂಬ ಮನಶ್ಶಾಸ್ತ್ರಜ್ಞ ರೇಸ್ ಫಲಿತಾಂಶ ಇಟ್ಟುಕೊಂಡು ತೋರಿಸಿದ್ದರು. ಆಮೇಲೆ ಬೇರೆ ಕಡೆಗಳಲ್ಲೂ ಇದು ಮತ್ತೆ ಮತ್ತೆ ಕಂಡಿದೆ. ಕಣ್ಣುಮುಚ್ಚಿ ಫೇವರಿಟ್‌ಗೆ ಕಟ್ಟುವವನು ನಿಧಾನಕ್ಕೆ ಕಳೆದುಕೊಳ್ಳುತ್ತಾನೆ, ಕಣ್ಣುಮುಚ್ಚಿ ಅಪ್‌ಸೆಟ್‌ಗೆ ಕಟ್ಟುವವನು ಬೇಗ.

ಇದೇ ಸಮಯಕ್ಕೆ ಒಬ್ಬರು ಬಂದು ದುಡ್ಡು ಕೊಟ್ಟು ಸೇರುವ ‘ಶೂರ್ ಟಿಪ್ಸ್’ ಗುಂಪು ಮಾಡೋಣ ಅಂದರು. ಉಪಾಯ ಸರಳವಾಗಿತ್ತು. ಓದುಗರನ್ನು ನಾಲ್ಕು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ಕುದುರೆ ಕಳಿಸುವುದು. ಗೆದ್ದ ಗುಂಪಿನವರು ನಮ್ಮನ್ನು ದೇವರು ಅಂದುಕೊಳ್ಳುತ್ತಾರೆ, ಮುಂದಿನ ವಾರ ಅವರ ಹತ್ತಿರ ದುಡ್ಡು ಕೇಳುವುದು. ಮೇಷ್ಟ್ರು ಬಾಗಿಲು ತೋರಿಸಿದರು. ಅದರ ಬಗ್ಗೆ ಇನ್ನೇನೂ ಹೇಳುವುದಕ್ಕಿಲ್ಲ.

ನೂರು ಅಂಕ ಹಂಚುವುದು

ಕೊನೆಗೆ ಕೈಹಿಡಿದದ್ದು ಒಂದು ಸಣ್ಣ ಅಭ್ಯಾಸ. ಬೋರ್ಡಿನ ರೇಟು ನೋಡುವುದಕ್ಕೆ ಮೊದಲು, ರೇಸಿನಲ್ಲಿರುವ ಎಲ್ಲ ಕುದುರೆಗಳಿಗೂ ನೂರು ಅಂಕ ಹಂಚಬೇಕು. ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟು ಅಂತ. ಒಂದಕ್ಕೆ ಜಾಸ್ತಿ ಕೊಟ್ಟರೆ ಇನ್ನೊಂದರದ್ದು ಕಿತ್ತುಕೊಳ್ಳಬೇಕು. ‘ಇದೂ ಚಾನ್ಸ್ ಇದೆ, ಅದೂ ಬಿಡುವ ಹಾಗಿಲ್ಲ’ ಅಂತ ಬರೆದು ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಆರು ವರ್ಷದ ಅನುಭವಿ ಮೊದಲ ರೇಸಿಗೆ ಅಂಕ ಹಂಚಲು ಮುಕ್ಕಾಲು ಗಂಟೆ ತಗೊಂಡರು. ಮೊದಲ ಸಲ ಕೂಡಿದಾಗ 140 ಬಂತು!

ಮೊದಲ ತಿಂಗಳಿನ ಒಂದು ಹ್ಯಾಂಡಿಕ್ಯಾಪ್ ರೇಸ್ (ಬಲ ಜಾಸ್ತಿ ಇರುವ ಕುದುರೆಗೆ ಜಾಸ್ತಿ ತೂಕ ಹೊರಿಸುವ ರೇಸ್) ಹೀಗಿತ್ತು. ಆರು ಕುದುರೆ. ಮೇಷ್ಟ್ರು ಒಂದರಿಂದ ಆರನೇ ನಂಬರಿನವರೆಗೆ ಕೊಟ್ಟ ಅಂಕ 30, 22, 18, 15, 10, 5. ಬೋರ್ಡಿನಲ್ಲಿದ್ದ ರೇಟು 2.2, 4, 5, 9, 9, 15. ನೂರನ್ನು ಒಂದೊಂದು ರೇಟಿನಿಂದ ಭಾಗಿಸಿ ಕೂಡಿದರೆ 119 ಬರುತ್ತದೆ. ನೂರರ ಮೇಲಿನ ಆ 19 ಆಟ ನಡೆಸುವವರ ಪಾಲು. ಸುಮ್ನೆ ಕಟ್ಟುವವರು ವರ್ಷಗಟ್ಟಲೆ ಸೋಲುವುದು ಇದಕ್ಕೇ.

ಒಂದನೇ ನಂಬರ್ ಗೆಲ್ಲುವ ಕುದುರೆ ಅನ್ನುವುದರಲ್ಲಿ ಮೇಷ್ಟ್ರಿಗೂ ಬೋರ್ಡಿಗೂ ಜಗಳ ಇಲ್ಲ. ಆದರೆ 30 ಅಂಕದ ಕುದುರೆಗೆ 2.2 ಅಂದರೆ ಒಂದು ಕಟ್ಟಿದರೆ ಸರಾಸರಿ ವಾಪಸ್ 0.66. ನಾಲ್ಕನೇ ನಂಬರಿಗೆ 15 ಅಂಕ, ರೇಟು 9. ಸರಾಸರಿ 1.35. ಹಳೆಯ ಮೇಷ್ಟ್ರು ಒಂದನೇ ನಂಬರ್ ಬರೆದು ಮಲಗುತ್ತಿದ್ದರು. ಹೊಸ ಲೆಕ್ಕ ನಾಲ್ಕನೆಯದನ್ನು ತೋರಿಸುತ್ತಿತ್ತು.

ಅದಕ್ಕೆ 15 ಯಾಕೆ ಕೊಟ್ಟರು ಅನ್ನುವುದರಲ್ಲಿ ಅವರ ನಿಜವಾದ ವಿದ್ಯೆ ಇತ್ತು. ಹಿಂದಿನ ಓಟದಲ್ಲಿ ಅದು (ಒಂದು ಕುದುರೆಯ ಉದ್ದ ಒಂದು ಲೆಂತ್) ನಾಲ್ಕು ಲೆಂತ್‌ನಿಂದ ಸೋತಿತ್ತು. ಫಲಿತಾಂಶ ಓದಿದವರಿಗೆ ಕಾಣುವುದು ಅಷ್ಟೇ. ಮೇಷ್ಟ್ರು ವಿಡಿಯೋ ನೋಡಿದ್ದರು. ಹೊರಗಿನ ಡ್ರಾ ಸಿಕ್ಕಿ, ತಿರುವಿನುದ್ದಕ್ಕೂ ಒಳಗಡೆ ಎರಡು ಕುದುರೆ ಇಟ್ಟುಕೊಂಡು ಓಡಿತ್ತು. ಅರ್ಧವೃತ್ತದ ತಿರುವಿನಲ್ಲಿ ಒಂದು ಮೀಟರ್ ಹೊರಗೆ ಓಡಿದರೆ ಮೂರು ಮೀಟರಿಗಿಂತ ಸ್ವಲ್ಪ ಜಾಸ್ತಿ ದಾರಿ. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಲೆಕ್ಕ ಅದೇ. ಎರಡು ಮೀಟರ್ ಹೊರಗೆ ಅಂದರೆ ಆರು ಮೀಟರಿಗೂ ಮೀರಿ. ಒಂದು ಲೆಂತ್ ಸುಮಾರು 2.4 ಮೀಟರ್. ಅಲ್ಲಿಗೆ ಎರಡೂವರೆ ಲೆಂತ್ ದಾರಿಯಲ್ಲೇ ಹೋಯಿತು. ಈ ಸಲ ಅದಕ್ಕೆ ಒಳಗಿನ ಗೇಟ್. ತೂಕವೂ ಸ್ವಲ್ಪ ಇಳಿದಿತ್ತು.

ನಾಲ್ಕನೇ ನಂಬರ್ ಕೊಟ್ಟರು. ಅದು ಮೂರನೆಯದಾಗಿ ಬಂತು. ಒಂದನೇ ನಂಬರ್ ಆರಾಮಾಗಿ ಗೆದ್ದಿತು. ಸಂಜೆಯೆಲ್ಲ ಫೋನ್. “ಮೇಷ್ಟ್ರೇ, ಮಗು ಕೂಡ ಹೇಳ್ತಿತ್ತು ಒಂದನೇ ನಂಬರ್ ಅಂತ.” ಅವತ್ತು ರಾತ್ರಿ ಅವರು ಹಳೆಯ ದಾರಿಗೆ ವಾಪಸ್ ಹೋಗುವುದರಲ್ಲಿದ್ದರು. ತಡೆದದ್ದು ನಾನಲ್ಲ, ಆ ಓದುಗರ ಪಟ್ಟಿ. ಅದನ್ನು ಮೇಜಿನ ಮೇಲೆ ಹಾಗೇ ಬಿಟ್ಟಿದ್ದರು.

ಅಂಕಗಳಿಗೂ ಒಂದು ಪರೀಕ್ಷೆ

ಮೂರು ತಿಂಗಳಾದ ಮೇಲೆ ಅವರ ಅಂಕಗಳನ್ನೇ ಪರೀಕ್ಷೆ ಮಾಡಿದೆವು. 15ರಿಂದ 20 ಅಂಕ ಕೊಟ್ಟ ಕುದುರೆಗಳು 90. ಅಂಕ ಸರಿಯಿದ್ದರೆ ಸುಮಾರು ಹದಿನೈದು ಗೆಲ್ಲಬೇಕಿತ್ತು. ಗೆದ್ದದ್ದು 11. ಅಂದರೆ ತಮಗೆ ಇಷ್ಟವಾದ ಕುದುರೆಗೆ ಮೇಷ್ಟ್ರು ಕೈಬಿಚ್ಚಿ ಅಂಕ ಹಾಕುತ್ತಿದ್ದರು. ಬೋರ್ಡ್ ನಾವು ಅಂದುಕೊಂಡಷ್ಟು ದಡ್ಡ ಅಲ್ಲ. ಸಾವಿರಾರು ಜನರ ದುಡ್ಡು ಅಲ್ಲಿ ಮಾತಾಡುತ್ತಿರುತ್ತದೆ, ಅವರಲ್ಲಿ ಮೇಷ್ಟ್ರಷ್ಟೇ ಬಲ್ಲವರೂ ಇರುತ್ತಾರೆ. ಹಾಂಕಾಂಗ್ ರೇಸಿನಲ್ಲಿ ಕಂಪ್ಯೂಟರ್ ಲೆಕ್ಕದಿಂದ ದೊಡ್ಡ ದುಡ್ಡು ಮಾಡಿದ ಬಿಲ್ ಬೆಂಟರ್ 1994ರಲ್ಲಿ ತನ್ನ ವಿಧಾನ ಬರೆದಾಗ ಇದನ್ನೇ ಹೇಳಿದ್ದರು. ಬರೀ ತನ್ನ ಲೆಕ್ಕ ಸಾಲಲಿಲ್ಲ, ಅದರ ಜೊತೆ ಜನರ ರೇಟನ್ನೂ ಬೆರೆಸಿದ ಮೇಲೇ ಅಂದಾಜು ಸುಧಾರಿಸಿತು.

ನಮ್ಮದು ಅಷ್ಟು ದೊಡ್ಡ ಲೆಕ್ಕ ಅಲ್ಲ. ಮೇಷ್ಟ್ರ ಅಂಕ, ಬೋರ್ಡಿನ ಅಂಕ ಎರಡರ ಸರಾಸರಿ. ಆ ನಾಲ್ಕನೇ ನಂಬರಿಗೆ ಬೋರ್ಡಿನ ಪ್ರಕಾರ, ಆ 19ನ್ನು ಕಳೆದರೆ, 9 ಅಂಕಕ್ಕಿಂತ ಸ್ವಲ್ಪ ಜಾಸ್ತಿ. ಮೇಷ್ಟ್ರದ್ದು 15. ಸರಾಸರಿ 12. ಒಂಬತ್ತರ ರೇಟಿಗೆ ಈಗಲೂ ಕಟ್ಟಬಹುದು, ಆದರೆ ಅಂಚಿನಲ್ಲಿ. ಎಂಟಕ್ಕೆ ಇಳಿದರೆ ಬಿಟ್ಟುಬಿಡಬೇಕು.

ಹಾಗಾಗಿ ಮುನ್ನೋಟದ ರೂಪವೇ ಬದಲಾಯಿತು. ಕುದುರೆಯ ಹೆಸರಿನ ಮುಂದೆ ಒಂದು ಸಂಖ್ಯೆ ಬಂತು: ‘ಇದಕ್ಕಿಂತ ಕಡಿಮೆ ರೇಟಿದ್ದರೆ ಬೇಡ.’ ರೇಟು ಹೊಂದದ ರೇಸುಗಳಿಗೆ ಟಿಪ್ ಇಲ್ಲ. ‘ದಿನದ ಬೆಸ್ಟ್’ ನಿಂತಿತು. ಕೊನೆಯ ರೇಸಿನ ಆ ಸಾಲಂತೂ ಮತ್ತೆ ಬರಲೇ ಇಲ್ಲ.

ಒಂದು ಸಮಸ್ಯೆ ಮಾತ್ರ ಬಗೆಹರಿಯಲಿಲ್ಲ. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೋಸೆಫ್ ಓಲೆರ್ ಶುರುಮಾಡಿದ ಪದ್ಧತಿಯಿಂದ ಬಂದದ್ದು ಇವತ್ತಿನ ಟೋಟ್. ಎಲ್ಲರ ದುಡ್ಡೂ ಒಂದು ರಾಶಿ, ಅದರಲ್ಲಿ ಕಮಿಷನ್ ಮುರಿದು ಉಳಿದದ್ದನ್ನು ಗೆದ್ದವರಿಗೆ ಹಂಚುವುದು. ಗೇಟ್ ತೆರೆಯುವವರೆಗೂ ರೇಟು ಬದಲಾಗುತ್ತಲೇ ಇರುತ್ತದೆ. ಮೇಷ್ಟ್ರ ಮಾತು ಕೇಳಿ ನೂರಾರು ಜನ ಒಂದೇ ಕುದುರೆಗೆ ಕಟ್ಟಿದರೆ ಅವರೇ ಅವರ ಡಿವಿಡೆಂಡ್ (ಗೆದ್ದವರಿಗೆ ಸಿಗುವ ಪಾಲು) ತಿನ್ನುತ್ತಾರೆ. ಬುಕ್ಕಿಗಳ ಹತ್ತಿರವೂ ಇದೇ ಕತೆ. 1996ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಆಸ್ಕಾಟ್‌ನಲ್ಲಿ ಜಾಕಿ ಫ್ರಾಂಕಿ ಡೆಟ್ಟೋರಿ ಏಳಕ್ಕೆ ಏಳೂ ರೇಸ್ ಗೆದ್ದರು. ಕೊನೆಯ ಕುದುರೆ ಫುಜಿಯಾಮಾ ಕ್ರೆಸ್ಟ್ ಬೆಳಿಗ್ಗೆ ಒಂದಕ್ಕೆ ಹನ್ನೆರಡು ಇತ್ತು, ಓಡುವ ಹೊತ್ತಿಗೆ ಒಂದಕ್ಕೆ ಎರಡು. ಅಷ್ಟರಲ್ಲಿ ಕುದುರೆಯ ಕಾಲಿಗೇನೂ ಹೊಸ ಬಲ ಬಂದಿರಲಿಲ್ಲ. ಸಾಲಾಗಿ ಗೆದ್ದ ಜಾಕಿಯ ಮೇಲೆ ಜನರ ದುಡ್ಡು ಉಕ್ಕಿತ್ತು, ಬುಕ್ಕಿಗಳು ಹೆದರಿದ್ದರು, ಅಷ್ಟೇ.

ಏನಾಯಿತು

ಮುಂದಿನ ಸೀಸನ್ನಿನಲ್ಲಿ 184 ರೇಸಿಗೆ ಅಂಕ ಹಂಚಿದರು. ಟಿಪ್ ಕೊಟ್ಟದ್ದು 74ಕ್ಕೆ. ಗೆಲುವು 15, ವಾಪಸ್ 72 ಯೂನಿಟ್. ಲಾಭ ಆಗಲಿಲ್ಲ. ನಷ್ಟ ಎರಡು ಯೂನಿಟ್‌ಗೆ ಇಳಿಯಿತು. 74 ಅನ್ನುವುದು ಚಿಕ್ಕ ಸಂಖ್ಯೆ, ಅದೃಷ್ಟದ ಪಾಲು ಎಷ್ಟು ಅಂತ ಅದರಿಂದ ಹೇಳುವ ಹಾಗಿಲ್ಲ. ವಿಧಾನ ಗೆದ್ದಿತು ಅಂತ ಹೇಳಿಕೊಂಡರೆ ಮತ್ತೆ ಕೆಂಪು ವೃತ್ತ ಹಾಕಿದ ಹಾಗೆ. ಓದುಗರಲ್ಲಿ ಸುಮಾರು ಮೂರನೇ ಒಂದು ಭಾಗ ಹೋದರು. ಎಲ್ಲ ರೇಸಿಗೂ ಟಿಪ್ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ.

ಮುನ್ನೋಟ ಬರೆಯುವವರಿಗೆ ಈ ಪ್ರಕರಣದಿಂದ ನಾನು ಎತ್ತಿಕೊಡುವುದು ಎರಡು. ಸೋತದ್ದನ್ನೂ ರೇಟಿನ ಸಮೇತ ಬರೆದಿಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಮಾಡುವವರು ಕಡಿಮೆ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ನಿಮ್ಮ ವಾಕ್ಯಗಳನ್ನು ನಂಬಿ ಜನ ಎಷ್ಟು ಕಟ್ಟುತ್ತಾರೆ ಅನ್ನುವುದನ್ನೂ ನೋಡಿ. ಮೇಷ್ಟ್ರ ಆಯ್ಕೆಗಳಿಂದ ಆ ಓದುಗರಿಗೆ ಆದ ನಷ್ಟಕ್ಕಿಂತ ಅವರ ಒಂದು ಸಾಲಿನಿಂದ ಆದದ್ದೇನೂ ಕಡಿಮೆ ಇರಲಿಲ್ಲ. ಕಟ್ಟುವವರಿಗೆ ನನ್ನ ಹತ್ತಿರ ಇರುವ ಮಾತು ಆಟ ನಡೆಸುವವರ ಪಾಲಾದ ಆ 19 ಒಂದೇ. ಅಂಕ ಹಂಚಿ ಲೆಕ್ಕ ಹಾಕಿದವರೂ ಅದನ್ನು ದಾಟಲು ಒದ್ದಾಡಿದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ.

ಆ ಓದುಗರು ಈಗ ದಿನಕ್ಕೆ ಇಷ್ಟೇ ಅಂತ ಮೊದಲೇ ಎತ್ತಿಟ್ಟು ಹೋಗುತ್ತಾರೆ, ಕೊನೆಯ ರೇಸಿಗೆ ಮುಂಚೆ ಎದ್ದು ಬರುತ್ತಾರೆ. ಪಟ್ಟಿ ಕಳಿಸುವುದನ್ನು ಮಾತ್ರ ಬಿಟ್ಟಿಲ್ಲ.

ಈ ಸೀಸನ್ನಿನಲ್ಲಿ ಇಲ್ಲಿಯವರೆಗೆ 31 ಟಿಪ್, 4 ಗೆಲುವು. ಮೇಷ್ಟ್ರು ಒಳ್ಳೆ ನಷ್ಟದಲ್ಲಿದ್ದಾರೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಬಂದಾಗ, ವಿಧಾನ ಬಿಟ್ಟುಬಿಡ್ತೀನಿ ಅನ್ನುತ್ತಾರೇನೋ ಅಂದುಕೊಂಡೆ. ಅವರು ಕೇಳಿದ್ದು ಬೇರೆ. “ಒಂಬತ್ತು ಕುದುರೆ, ಎಷ್ಟು ಸಲ ಕೂಡಿದ್ರೂ 104 ಬರ್ತಾ ಇದೆ ಕಣಯ್ಯಾ. ಯಾವುದರದ್ದು ಕಿತ್ಕೊಳ್ಳಲಿ?”